ಎಲುಬು: ನಮ್ಮೊಳಗಿನ ಜೀವಂತ ಅಮಾನತ್

ಮೂರು ವರ್ಷಗಳ ಹಿಂದಿನ ಒಂದು ಮುಂಜಾವು. ಸುಬ್‌ಹಿ ಬಾಂಗ್ ಕೇಳಿ ವುಝೂ ಮಾಡಲು ಎದ್ದ ನನ್ನ ಉಮ್ಮ ಸ್ನಾನಗೃಹದ ಒದ್ದೆ ನೆಲದಲ್ಲಿ ಜಾರಿ ಬಿದ್ದರು. ದೊಡ್ಡ ಬೀಳುವಿಕೆಯೇನೂ ಅಲ್ಲ. ಮೆಟ್ಟಿಲಿನಿಂದ ಉರುಳಲಿಲ್ಲ, ಎತ್ತರದಿಂದ ಬೀಳಲಿಲ್ಲ. ನಿಂತಲ್ಲಿಂದ ಒಂದು ಬದಿಗೆ ಕುಸಿದರು, ಅಷ್ಟೇ. ಆದರೆ ಮತ್ತೆ ಏಳಲಾಗಲಿಲ್ಲ. ತೊಡೆಯೆಲುಬು ಸೊಂಟಕ್ಕೆ ಸೇರುವ ಕುತ್ತಿಗೆಯಂಥ ಭಾಗ ಮುರಿದಿತ್ತು.

ಆಸ್ಪತ್ರೆಯಲ್ಲಿ ವೈದ್ಯರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿ ನನ್ನನ್ನು ಕೇಳಿದ ಮೊದಲ ಪ್ರಶ್ನೆ ಇದು: “ಇದಕ್ಕೆ ಮುಂಚೆ ಇವರ ಎಲುಬು ಎಲ್ಲಾದರೂ ಮುರಿದಿತ್ತೇ?” ಹೌದು, ಮುರಿದಿತ್ತು. ಆರು ವರ್ಷಗಳ ಹಿಂದೆ ಮಳೆಗಾಲದಲ್ಲಿ ಅಂಗಳದ ಪಾಚಿಯ ಮೇಲೆ ಜಾರಿ ಕೈಯೂರಿದಾಗ ಮಣಿಕಟ್ಟು ಮುರಿದಿತ್ತು. ಪ್ಲಾಸ್ಟರ್ ಹಾಕಿಸಿದೆವು, ಗುಣವಾಯಿತು, ಅಲ್‌ಹಮ್ದುಲಿಲ್ಲಾಹ್ ಎಂದೆವು, ಮರೆತೆವು. “ಇತ್ತೀಚೆಗೆ ಬೆನ್ನು ಬಾಗಿದೆಯೇ? ಎತ್ತರ ಕಡಿಮೆಯಾಗಿದೆಯೇ?” ಎಂದು ವೈದ್ಯರು ಮತ್ತೆ ಕೇಳಿದರು. ಆಗ ನನಗೆ ನೆನಪಾದದ್ದು ಉಮ್ಮನ ಬುರ್ಖಾ. ಅದು ನೆಲಕ್ಕೆ ತಾಗುತ್ತದೆ ಎಂದು ಎರಡು ಸಲ ಟೈಲರ್ ಬಳಿ ಕೊಟ್ಟು ಗಿಡ್ಡ ಮಾಡಿಸಿದ್ದೆವು. ಬಟ್ಟೆ ಉದ್ದವಾಗುವುದಿಲ್ಲ, ಉಮ್ಮನೇ ಗಿಡ್ಡವಾಗುತ್ತಿದ್ದಾರೆ ಎಂಬುದು ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಓದುಗರೇ, ಈ ಲೇಖನವನ್ನು ಬರೆಯಲು ಕಾರಣ ಆ ಎರಡು ಪ್ರಶ್ನೆಗಳು. ನಮ್ಮನ್ನು ನಿಲ್ಲಿಸಿದ, ನಡೆಸುವ, ಕಾಯುವ ಎಲುಬಿನ ಬಗ್ಗೆ ನಮಗೆ ತಿಳಿದಿರುವುದು ಎಷ್ಟು? ಅದು ಮುರಿಯುವ ದಿನದವರೆಗೆ ನಾವು ಅದನ್ನು ನೆನೆಯುವುದೇ ಇಲ್ಲ.

ಎಲುಬು ಕಲ್ಲಲ್ಲ

ಎಲುಬು ಎಂದಾಕ್ಷಣ ನಮ್ಮ ಕಣ್ಣೆದುರು ಬರುವುದು ಶಾಲೆಯ ಪ್ರಯೋಗಾಲಯದಲ್ಲಿ ತೂಗುಹಾಕಿದ ಬಿಳಿ ಅಸ್ಥಿಪಂಜರ. ಅದು ಒಣಗಿದ, ಸತ್ತ ವಸ್ತು. ಆದುದರಿಂದ ನಮ್ಮೊಳಗಿನ ಎಲುಬೂ ಅಂತಹುದೇ ಒಂದು ಕಲ್ಲಿನ ಕಂಬ ಎಂದು ಭಾವಿಸುತ್ತೇವೆ. ಇದು ದೊಡ್ಡ ತಪ್ಪು ಕಲ್ಪನೆ. ಬದುಕಿರುವ ಮನುಷ್ಯನ ಎಲುಬಿನಲ್ಲಿ ರಕ್ತನಾಳಗಳಿವೆ, ನರಗಳಿವೆ, ಜೀವಕೋಶಗಳಿವೆ. ಅದು ಬೆಳೆಯುತ್ತದೆ, ಸವೆಯುತ್ತದೆ, ಮುರಿದರೆ ತಾನೇ ಕೂಡಿಕೊಳ್ಳುತ್ತದೆ. ಯಾವ ಕಲ್ಲು ಹಾಗೆ ಮಾಡೀತು?

ನನ್ನ ವಿದ್ಯಾರ್ಥಿಗಳಿಗೆ ನಾನೊಂದು ಸಣ್ಣ ಪ್ರಯೋಗ ಮಾಡಿ ತೋರಿಸುತ್ತೇನೆ. ನೀವೂ ಮನೆಯಲ್ಲಿ ಮಕ್ಕಳೊಂದಿಗೆ ಮಾಡಬಹುದು. ಕೋಳಿಯ ಕಾಲಿನ ಎಲುಬೊಂದನ್ನು ತೊಳೆದು ವಿನೆಗರ್ ತುಂಬಿದ ಬಾಟಲಿಯಲ್ಲಿ ನಾಲ್ಕೈದು ದಿನ ಮುಳುಗಿಸಿಡಿ. ನಡುವೆ ಒಮ್ಮೆ ವಿನೆಗರ್ ಬದಲಿಸಿ. ಹೊರತೆಗೆದು ನೋಡಿದರೆ ಎಲುಬಿನ ಆಕಾರ ಹಾಗೆಯೇ ಇರುತ್ತದೆ, ಆದರೆ ಅದು ರಬ್ಬರಿನಂತೆ ಬಾಗುತ್ತದೆ. ವಿನೆಗರಿನ ಹುಳಿಯು ಎಲುಬಿನ ಗಟ್ಟಿ ಖನಿಜವನ್ನು, ಅಂದರೆ ಸುಣ್ಣದ ಅಂಶವನ್ನು ಕರಗಿಸಿಬಿಟ್ಟಿದೆ. ಉಳಿದದ್ದು ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನು. ಇನ್ನೊಂದು ಎಲುಬನ್ನು ಒಲೆಯ ಕೆಂಡದಲ್ಲಿ ಚೆನ್ನಾಗಿ ಸುಡಿ. ಈಗ ನಾರು ಸುಟ್ಟುಹೋಗಿ ಖನಿಜ ಮಾತ್ರ ಉಳಿಯುತ್ತದೆ. ಬೆರಳಿನಿಂದ ಒತ್ತಿದರೆ ಪುಡಿಪುಡಿ!

ನೋಡಿ, ಒಂದರಿಂದಲೇ ಎಲುಬಾಗುವುದಿಲ್ಲ. ಎಲುಬಿನ ತೂಕದ ಸುಮಾರು ಮೂರನೇ ಎರಡು ಪಾಲು ಖನಿಜ, ಉಳಿದುದರಲ್ಲಿ ಹೆಚ್ಚಿನದು ಕೊಲಾಜೆನ್ ನಾರು. ಮನೆಗೆ ಕಾಂಕ್ರೀಟ್ ಹಾಕುವಾಗ ಸಿಮೆಂಟಿನ ಒಳಗೆ ಕಬ್ಬಿಣದ ಸರಳು ಇಡುವುದಿಲ್ಲವೇ? ಸಿಮೆಂಟ್ ಭಾರವನ್ನು ತಡೆಯುತ್ತದೆ, ಸರಳು ಬಿರುಕು ಬಿಡದಂತೆ ಹಿಡಿಯುತ್ತದೆ. ಎಲುಬಿನಲ್ಲಿ ಖನಿಜದ ಕೆಲಸ ಸಿಮೆಂಟಿನದ್ದು, ಕೊಲಾಜೆನ್‌ನ ಕೆಲಸ ಸರಳಿನದ್ದು. ಗಟ್ಟಿತನಕ್ಕೆ ಮೆದುತನ ಜೊತೆಯಾದಾಗಲೇ ಬಲ ಬರುತ್ತದೆ. ಸಂಸಾರದಲ್ಲೂ ಹೀಗೆಯೇ ಎಂದರೆ ನೀವು ಒಪ್ಪುತ್ತೀರಿ.

ಕೋಟೆ, ಗೂಡು, ಕಂಬ

ವಯಸ್ಕ ಮನುಷ್ಯನ ದೇಹದಲ್ಲಿ ಸಾಮಾನ್ಯವಾಗಿ 206 ಎಲುಬುಗಳಿವೆ. ಆದರೆ ಆಗತಾನೆ ಹುಟ್ಟಿದ ಮಗುವಿನಲ್ಲಿ ಅವುಗಳ ಸಂಖ್ಯೆ ಸುಮಾರು 270ರಿಂದ 300. ಮಗು ಬೆಳೆದಂತೆ ಹಲವು ಎಲುಬುಗಳು ಪರಸ್ಪರ ಬೆಸೆದು ಒಂದಾಗುತ್ತವೆ. ಮಗುವಿನ ನೆತ್ತಿಯ ಮೆದು ಜಾಗಕ್ಕೆ ಅಜ್ಜಿಯರು ಎಣ್ಣೆ ಹಚ್ಚುವುದನ್ನು ನೋಡಿದ್ದೀರಿ. ತಲೆಬುರುಡೆಯ ಎಲುಬುಗಳು ಇನ್ನೂ ಕೂಡಿಲ್ಲದ ಸ್ಥಳವದು. ಹೆರಿಗೆಯ ಇಕ್ಕಟ್ಟಾದ ದಾರಿಯಲ್ಲಿ ಮಗುವಿನ ತಲೆ ತುಸು ಒತ್ತಿಕೊಂಡು ಹೊರಬರಲಿ ಎಂದೂ, ನಂತರ ಮಿದುಳು ಬೆಳೆಯಲು ಜಾಗವಿರಲಿ ಎಂದೂ ಸೃಷ್ಟಿಕರ್ತನು ಅದನ್ನು ತೆರೆದಿಟ್ಟಿದ್ದಾನೆ. ಸಾಮಾನ್ಯವಾಗಿ ಮಗುವಿಗೆ ಒಂದೂವರೆ ಎರಡು ವರ್ಷವಾಗುವಷ್ಟರಲ್ಲಿ ಅದು ಮುಚ್ಚಿಕೊಳ್ಳುತ್ತದೆ.

ತಲೆಬುರುಡೆಯಲ್ಲಿ 22 ಎಲುಬುಗಳಿವೆ. ಅವುಗಳಲ್ಲಿ ಎಂಟು ಎಲುಬುಗಳು ಸೇರಿ ಮಿದುಳಿಗೆ ಕೋಟೆ ಕಟ್ಟಿವೆ. ಎದೆಯಲ್ಲಿ 12 ಜೊತೆ ಪಕ್ಕೆಲುಬುಗಳು ಹೃದಯ ಮತ್ತು ಶ್ವಾಸಕೋಶಗಳ ಸುತ್ತ ಗೂಡು ಹೆಣೆದಿವೆ. ಈ ಗೂಡಿನ ವಿಶೇಷ ನೋಡಿ. ಮಿದುಳಿನ ಕೋಟೆಯಂತೆ ಇದು ಬಿಗಿಯಾಗಿದ್ದರೆ ನಮಗೆ ಉಸಿರಾಡಲು ಸಾಧ್ಯವಿರಲಿಲ್ಲ. ಆದ್ದರಿಂದ ಪಕ್ಕೆಲುಬುಗಳು ಎದೆಯ ಮುಂಭಾಗದಲ್ಲಿ ಮೃದ್ವಸ್ಥಿ ಎಂಬ ಬಾಗುವ ಪದಾರ್ಥದಿಂದ ಜೋಡಣೆಯಾಗಿವೆ. ಪ್ರತಿ ಉಸಿರಿಗೂ ಗೂಡು ಹಿಗ್ಗುತ್ತದೆ, ಕುಗ್ಗುತ್ತದೆ. ಕೆಳಗಿನ ಎರಡು ಜೊತೆ ಮಾತ್ರ ಮುಂದೆ ಯಾವುದಕ್ಕೂ ಅಂಟಿಕೊಂಡಿಲ್ಲ.

ಇನ್ನು ಬೆನ್ನುಮೂಳೆ. ಕತ್ತಿನಲ್ಲಿ ಏಳು, ಎದೆಯ ಹಿಂದೆ ಹನ್ನೆರಡು, ಸೊಂಟದಲ್ಲಿ ಐದು ಬಿಡಿಬಿಡಿ ಮಣಿಗಳು. ಅವುಗಳ ಕೆಳಗೆ ಬೆಸೆದುಕೊಂಡ ತ್ರಿಕಾಸ್ಥಿ ಮತ್ತು ಬಾಲದೆಲುಬು. ಮಣಿಗಳ ನಡುವಿನ ಸುರಂಗದಲ್ಲಿ ಬೆನ್ನುಹುರಿ ಸುರಕ್ಷಿತವಾಗಿ ಇಳಿಯುತ್ತದೆ. ಮಣಿ ಮಣಿಯ ನಡುವೆ ಮೆತ್ತೆಯಂಥ ಬಿಲ್ಲೆಗಳಿವೆ. ಇವೇ ನಾವು ‘ಡಿಸ್ಕ್’ ಎಂದು ಕರೆಯುವವು. ಹಗಲಿಡೀ ನಿಂತು ನಡೆದು ಕೆಲಸ ಮಾಡುವಾಗ ಭಾರಕ್ಕೆ ಇವುಗಳ ನೀರು ತುಸು ಹಿಂಡಿಹೋಗುತ್ತದೆ, ರಾತ್ರಿ ಮಲಗಿದಾಗ ಮತ್ತೆ ತುಂಬಿಕೊಳ್ಳುತ್ತದೆ. ಹೀಗಾಗಿ ಬೆಳಿಗ್ಗೆ ಏಳುವಾಗ ನಮ್ಮ ಎತ್ತರ ಸಂಜೆಗಿಂತ ಸುಮಾರು ಒಂದು ಸೆಂಟಿಮೀಟರ್ ಹೆಚ್ಚಿರುತ್ತದೆ. ರಾತ್ರಿಯನ್ನು ವಿಶ್ರಾಂತಿಗಾಗಿ ಮಾಡಿದವನ ಏರ್ಪಾಡು ಇದು.

ಈ ಎಲುಬುಗಳನ್ನು ಕಣ್ಣಾರೆ ನೋಡಿ ಕಲಿಯುವುದರಲ್ಲಿ ನಮ್ಮ ಪೂರ್ವಿಕ ವಿದ್ವಾಂಸರು ಹಿಂದೆ ಬಿದ್ದಿರಲಿಲ್ಲ. ಅಬ್ದುಲ್ಲತೀಫ್ ಅಲ್ ಬಗ್ದಾದಿ (1162-1231) ಎಂಬ ವೈದ್ಯರು 1200ರ ಸುಮಾರಿಗೆ ಈಜಿಪ್ಟಿನಲ್ಲಿದ್ದರು. ನೈಲ್ ನದಿಯಲ್ಲಿ ಸಾಕಷ್ಟು ನೆರೆ ಬಾರದೆ ಭೀಕರ ಬರಗಾಲ ಬಿದ್ದು ಲೆಕ್ಕವಿಲ್ಲದಷ್ಟು ಜನ ಸತ್ತ ಕಾಲವದು. ಕೈರೋದ ಬಳಿ ಅಲ್ ಮಖ್ಸ್ ಎಂಬಲ್ಲಿ ಮನುಷ್ಯರ ಎಲುಬುಗಳ ರಾಶಿಯೇ ಬಿದ್ದಿರುವುದನ್ನು ಕೇಳಿ ಅವರು ವಿದ್ಯಾರ್ಥಿಗಳೊಂದಿಗೆ ಹೋಗಿ ನೋಡಿದರು. ಕೆಳದವಡೆಯು ಎರಡು ಎಲುಬುಗಳ ಜೋಡಣೆ ಎಂದು ಗ್ರೀಕ್ ವೈದ್ಯ ಗ್ಯಾಲೆನ್ ಬರೆದದ್ದನ್ನೇ ಸುಮಾರು ಸಾವಿರ ವರ್ಷ ಎಲ್ಲರೂ ನಂಬಿದ್ದರು. ಬಗ್ದಾದಿಯವರು ಎರಡು ಸಾವಿರಕ್ಕೂ ಹೆಚ್ಚು ತಲೆಬುರುಡೆಗಳನ್ನು ಪರಿಶೀಲಿಸಿದರು. ಎಲ್ಲದರಲ್ಲೂ ಕೆಳದವಡೆ ಒಂದೇ ಎಲುಬು! ಗ್ಯಾಲೆನ್ ಎಷ್ಟೇ ದೊಡ್ಡವರಾದರೂ ಕಣ್ಣು ಕಂಡದ್ದೇ ಹೆಚ್ಚು ಪ್ರಮಾಣ ಎಂಬ ಅರ್ಥದಲ್ಲಿ ಅವರು ಬರೆದಿಟ್ಟರು. ತಾಯಿಯ ಗರ್ಭದಲ್ಲಿ ಅದು ಎರಡು ಭಾಗಗಳಾಗಿಯೇ ಇದ್ದು, ಹುಟ್ಟಿದ ಮೊದಲ ವರ್ಷದಲ್ಲಿ ಬೆಸೆಯುತ್ತದೆ ಎಂಬುದು ಇಂದು ನಮಗೆ ತಿಳಿದಿದೆ. ಉಸ್ತಾದರ ಮಾತನ್ನು ಗೌರವಿಸುತ್ತಲೇ ಸತ್ಯವನ್ನು ಹುಡುಕುವುದು ಹೇಗೆಂದು ಕಲಿಯಲು ಇದಕ್ಕಿಂತ ಒಳ್ಳೆಯ ಪಾಠ ಬೇಕೇ?

ಕಟ್ಟಿಹಿಡಿಯುವ ಹಗ್ಗಗಳು

206 ಎಲುಬುಗಳನ್ನು ಒಂದು ಚೀಲದಲ್ಲಿ ತುಂಬಿದರೆ ಅದು ದೇಹವಾಗುವುದಿಲ್ಲ. ಅವುಗಳನ್ನು ಕಟ್ಟಿ, ಜೋಡಿಸಿ, ತಕ್ಕ ಜಾಗದಲ್ಲಿ ನಿಲ್ಲಿಸುವ ಕೆಲಸ ಸಂಯೋಜಕ ಅಂಗಾಂಶಗಳದ್ದು. ಎಲುಬನ್ನು ಎಲುಬಿಗೆ ಕಟ್ಟುವ ಗಟ್ಟಿ ಪಟ್ಟಿಗಳು ಅಸ್ಥಿರಜ್ಜುಗಳು. ಮಾಂಸಖಂಡವನ್ನು ಎಲುಬಿಗೆ ಕಟ್ಟುವ ಹಗ್ಗಗಳು ಸ್ನಾಯುರಜ್ಜುಗಳು. ಹಿಮ್ಮಡಿಯ ಹಿಂದೆ ಬೆರಳಿಗೆ ಸಿಗುವ ದಪ್ಪ ‘ನರ’ವನ್ನು ಮುಟ್ಟಿ ನೋಡಿ. ಅದು ನಿಜವಾಗಿ ನರವಲ್ಲ, ಮೀನಖಂಡವನ್ನು ಹಿಮ್ಮಡಿಗೆ ಬಿಗಿದ ಸ್ನಾಯುರಜ್ಜು. ಎಲುಬುಗಳ ತುದಿಯಲ್ಲಿ ನುಣುಪಾದ ಮೃದ್ವಸ್ಥಿಯ ಹೊದಿಕೆಯಿದೆ. ಕೀಲಿನೊಳಗೆ ಎಣ್ಣೆಯಂಥ ದ್ರವವಿದೆ. ಬಾಗಿಲಿನ ಕೀಲಿಗೆ ನಾವು ವರ್ಷಕ್ಕೊಮ್ಮೆಯಾದರೂ ಎಣ್ಣೆ ಬಿಡುತ್ತೇವೆ. ಮೊಣಕಾಲಿಗೆ ಯಾರು ಬಿಟ್ಟರು?

ಮೃದ್ವಸ್ಥಿಗೆ ತನ್ನದೇ ರಕ್ತನಾಳಗಳಿಲ್ಲ. ನಾವು ನಡೆದಾಗ, ಬಾಗಿದಾಗ, ಕುಳಿತು ಎದ್ದಾಗ ಅದು ಸ್ಪಂಜಿನಂತೆ ಒತ್ತಿ ಬಿಟ್ಟು ಆ ದ್ರವದಿಂದ ಆಹಾರವನ್ನು ಹೀರಿಕೊಳ್ಳುತ್ತದೆ. ಅಂದರೆ ಚಲನೆಯೇ ಕೀಲಿನ ಊಟ. ಅದಕ್ಕೆ ಪೆಟ್ಟಾದರೆ ಗುಣವಾಗುವುದು ಬಹಳ ನಿಧಾನ, ಎಷ್ಟೋ ಸಲ ಪೂರ್ತಿ ಗುಣವಾಗುವುದೇ ಇಲ್ಲ. ಪಾದ ಉಳುಕಿದಾಗಲೂ ಹಾಗೆ. ಎಲುಬು ಮುರಿದಿಲ್ಲವಲ್ಲ ಎಂದು ಎಳೆದು ತಿಕ್ಕಿಸಿಕೊಂಡು ಮರುದಿನವೇ ಓಡಾಡುವವರು ಹರಿದ ಅಸ್ಥಿರಜ್ಜುವನ್ನು ಮತ್ತಷ್ಟು ಹರಿದುಕೊಳ್ಳುತ್ತಾರೆ.

ಈಗ ನಮ್ಮ ನಮಾಝನ್ನು ನೆನಪಿಸಿಕೊಳ್ಳಿ. ನಿಲ್ಲುವುದು, ರುಕೂವಿಗೆ ಬಾಗುವುದು, ಸುಜೂದಿಗೆ ಇಳಿಯುವುದು, ನಡುವೆ ಕುಳಿತುಕೊಳ್ಳುವುದು. ಕತ್ತು, ಬೆನ್ನು, ಸೊಂಟ, ಮೊಣಕಾಲು, ಪಾದ, ಬೆರಳುಗಳು ಎಲ್ಲವೂ ಅದರಲ್ಲಿ ಪಾಲುಗೊಳ್ಳುತ್ತವೆ. ಏಳು ಎಲುಬುಗಳ ಮೇಲೆ ಸುಜೂದ್ ಮಾಡಲು ತನಗೆ ಆಜ್ಞಾಪಿಸಲಾಗಿದೆ ಎಂದು ಪ್ರವಾದಿವರ್ಯರು(ಸ) ತಿಳಿಸಿದ್ದನ್ನು ಇಬ್ನು ಅಬ್ಬಾಸ್(ರ) ವರದಿ ಮಾಡಿದ್ದಾರೆ. ಹಣೆ, ಎರಡು ಕೈಗಳು, ಎರಡು ಮೊಣಕಾಲುಗಳು, ಎರಡು ಪಾದಗಳ ತುದಿಗಳು. ಅಂಗ ಎಂದು ನಾವು ಸಾಮಾನ್ಯವಾಗಿ ಅರ್ಥ ಹೇಳುವ ಆ ಜಾಗದಲ್ಲಿ ಹದೀಸಿನ ಅರಬಿ ಪದ ‘ಎಲುಬು’ ಎಂದೇ ಇದೆ. ನಮಾಝ್ ಇರುವುದು ವ್ಯಾಯಾಮಕ್ಕಾಗಿ ಅಲ್ಲ, ಅದು ಇಬಾದತ್. ಆದರೆ ಆ ಇಬಾದತಿನಲ್ಲಿ ನಮ್ಮ ಎಲುಬುಗಳಿಗೂ ಪಾಲಿದೆ ಎಂಬುದನ್ನು ಮರೆಯಬಾರದು.

ಮನುಷ್ಯನನ್ನು 360 ಕೀಲುಗಳೊಂದಿಗೆ ಸೃಷ್ಟಿಸಲಾಗಿದೆ ಎಂಬ ಹದೀಸನ್ನು ಆಯಿಶಾ(ರ) ವರದಿ ಮಾಡಿದ್ದು ಸಹೀಹ್ ಮುಸ್ಲಿಮ್‌ನಲ್ಲಿದೆ. ಸೂರ್ಯ ಉದಯಿಸುವ ಪ್ರತಿ ದಿನವೂ ಪ್ರತಿಯೊಂದು ಕೀಲಿನ ಮೇಲೆ ಒಂದು ಸದಖಾ ಬಾಧ್ಯತೆಯಿದೆ ಎಂದೂ, ಇಬ್ಬರ ನಡುವೆ ನ್ಯಾಯ ಮಾಡುವುದು, ಒಬ್ಬನಿಗೆ ವಾಹನವೇರಲು ನೆರವಾಗುವುದು, ಒಳ್ಳೆಯ ಮಾತು, ದಾರಿಯಿಂದ ತೊಂದರೆಯ ವಸ್ತುವನ್ನು ಸರಿಸುವುದು ಇವೆಲ್ಲ ಆ ಸದಖಾ ಎಂದೂ ಬೇರೊಂದು ಹದೀಸಿನಲ್ಲಿ ಬಂದಿದೆ. ಕೀಲುಗಳನ್ನು ಎಣಿಸುವ ಕ್ರಮ ಒಂದೊಂದು ವೈದ್ಯಗ್ರಂಥದಲ್ಲಿ ಒಂದೊಂದು ರೀತಿ. ಹಾಗಾಗಿ ಸಂಖ್ಯೆ ಹಿಡಿದು ವಾದಿಸುವುದು ಬೇಡ ಎಂದು ನಾನು ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಬೆಳಿಗ್ಗೆ ಕೈಕಾಲು ನೋವಿಲ್ಲದೆ ಮಡಚಿತಲ್ಲ, ಅದಕ್ಕೆ ಇವತ್ತು ನೀನೇನು ಕೊಟ್ಟೆ ಎಂಬುದೇ ಹದೀಸಿನ ಪ್ರಶ್ನೆ.

ಒಡೆದು ಕಟ್ಟುವ ಕೆಲಸ

ಎಲುಬಿನೊಳಗೆ ಎರಡು ಬಗೆಯ ಕೆಲಸಗಾರ ಕೋಶಗಳಿವೆ. ಒಂದು ಗುಂಪು ಹಳೆಯ ಎಲುಬನ್ನು ಕರಗಿಸುತ್ತದೆ. ಇನ್ನೊಂದು ಗುಂಪು ಅಲ್ಲಿ ಹೊಸದನ್ನು ಕಟ್ಟುತ್ತದೆ. ವಯಸ್ಕರಲ್ಲಿ ವರ್ಷಕ್ಕೆ ಸುಮಾರು ಹತ್ತರಲ್ಲೊಂದು ಪಾಲು ಎಲುಬು ಹೀಗೆ ಹೊಸತಾಗುತ್ತದೆ. ಎಲ್ಲಿ ಭಾರ ಬೀಳುತ್ತದೋ ಅಲ್ಲಿ ಹೆಚ್ಚು ಕಟ್ಟುತ್ತದೆ, ಭಾರವಿಲ್ಲದ ಕಡೆ ಕಟ್ಟುವುದನ್ನು ನಿಲ್ಲಿಸುತ್ತದೆ. ಜರ್ಮನಿಯ ಶಸ್ತ್ರವೈದ್ಯ ಜೂಲಿಯಸ್ ವುಲ್ಫ್ ಇದನ್ನು 1892ರಲ್ಲಿ ನಿಯಮವಾಗಿ ಬರೆದಿಟ್ಟರು. ದೇಹದ ಭಾರವೇ ಗೊತ್ತಾಗದ ಅಂತರಿಕ್ಷದಲ್ಲಿ ತಿಂಗಳುಗಟ್ಟಲೆ ಇರುವ ಗಗನಯಾತ್ರಿಗಳ ಸೊಂಟದ ಎಲುಬು ತಿಂಗಳಿಗೆ ಶೇಕಡಾ ಒಂದು ಒಂದೂವರೆಯಷ್ಟು ಸವೆಯುತ್ತದೆ. ದಿನವಿಡೀ ಸೋಫಾದಲ್ಲಿ ಕುಳಿತವರು ಭೂಮಿಯ ಮೇಲಿದ್ದೂ ಅದೇ ದಾರಿಯಲ್ಲಿದ್ದಾರೆ.

ಎಲುಬು ಒಂದು ಖಜಾನೆಯೂ ಹೌದು. ದೇಹದ ಕ್ಯಾಲ್ಸಿಯಂನಲ್ಲಿ 99 ಶೇಕಡಾ ಎಲುಬು ಮತ್ತು ಹಲ್ಲುಗಳಲ್ಲಿದೆ. ಉಳಿದ ಒಂದು ಶೇಕಡಾ ಇಲ್ಲದಿದ್ದರೆ ಹೃದಯ ಬಡಿಯದು, ಮಾಂಸಖಂಡ ಮಿಡಿಯದು. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆಯಾದರೆ ದೇಹ ಸುಮ್ಮನಿರುವುದಿಲ್ಲ, ಎಲುಬಿನ ಖಜಾನೆಯಿಂದ ತೆಗೆಯುತ್ತದೆ. ಸದ್ದಿಲ್ಲ, ನೋವಿಲ್ಲ, ಯಾರಿಗೂ ತಿಳಿಯುವುದಿಲ್ಲ. ಖಜಾನೆಗೆ ತುಂಬುವ ಕಾಲ ಬಾಲ್ಯ ಮತ್ತು ಯೌವನ. ಸುಮಾರು ಮೂವತ್ತು ವರ್ಷದವರೆಗೆ ಕೂಡಿಟ್ಟದ್ದೇ ಬಂಡವಾಳ. ಆಮೇಲೆ ನಿಧಾನವಾಗಿ ಖರ್ಚು.

ಮಹಿಳೆಯರಲ್ಲಿ ಈ ಖರ್ಚು ಹೆಚ್ಚು. ಗರ್ಭದಲ್ಲಿರುವ ಮಗುವಿನ ಎಲುಬಿಗೆ ಬೇಕಾದ ಕ್ಯಾಲ್ಸಿಯಂ ತಾಯಿಯಿಂದಲೇ ಹೋಗಬೇಕು. ಹಾಲುಣಿಸುವ ತಿಂಗಳುಗಳಲ್ಲಿ ತಾಯಿಯ ಎಲುಬಿನ ಸಾಂದ್ರತೆ ಮೂರರಿಂದ ಐದು ಶೇಕಡಾದಷ್ಟು ಇಳಿಯುತ್ತದೆ. ಮಗು ಹಾಲು ಬಿಟ್ಟ ನಂತರ ಸಾಮಾನ್ಯವಾಗಿ ಅದು ಮರಳಿ ತುಂಬುತ್ತದೆ. ಆದ್ದರಿಂದ ಹಾಲುಣಿಸಲು ಹೆದರಬೇಕಿಲ್ಲ, ತಾಯಿಯ ತಟ್ಟೆಯನ್ನು ಖಾಲಿ ಬಿಡಲು ಹೆದರಬೇಕು. ಮುಟ್ಟು ನಿಂತ ಮೇಲೆ ಎಲುಬನ್ನು ಕಾಯುತ್ತಿದ್ದ ಈಸ್ಟ್ರೋಜನ್ ಹಾರ್ಮೋನು ಇಳಿಯುತ್ತದೆ. ಆಗ ಐದರಿಂದ ಏಳು ವರ್ಷಗಳಲ್ಲಿ ಕೆಲವರ ಎಲುಬು 20 ಶೇಕಡಾದವರೆಗೂ ಕಡಿಮೆಯಾಗುವುದುಂಟು. ಎಲುಬು ಒಳಗೊಳಗೇ ಟೊಳ್ಳಾಗುವ ಈ ರೋಗವನ್ನು ಆಸ್ಟಿಯೋಪೊರೋಸಿಸ್ ಎನ್ನುತ್ತಾರೆ. ಮಣಿಕಟ್ಟು, ಬೆನ್ನುಮೂಳೆ, ಸೊಂಟ ಇವೇ ಅದು ಹೆಚ್ಚಾಗಿ ಮುರಿಯುವ ಜಾಗಗಳು. ನನ್ನ ಉಮ್ಮನ ಮಣಿಕಟ್ಟು, ಬಾಗಿದ ಬೆನ್ನು, ಕೊನೆಗೆ ಸೊಂಟ ಅದೇ ಸಾಲಿನಲ್ಲಿ ನಮಗೆ ಎಚ್ಚರಿಕೆ ಕೊಟ್ಟಿದ್ದವು. ಓದಲು ನಮಗೆ ಗೊತ್ತಿರಲಿಲ್ಲ.

ಇಲ್ಲಿ ಒಂದು ಅರಬಿ ಪದದ ಬಗ್ಗೆ ಹೇಳಲೇಬೇಕು. ಸೂರಃ ಮರ್ಯಮ್‌ನಲ್ಲಿ ವೃದ್ಧರಾದ ಝಕರಿಯ್ಯಾ(ಅ) ತನ್ನ ಎಲುಬು ದುರ್ಬಲವಾಯಿತು ಎಂದು ಪ್ರಭುವಿನೊಂದಿಗೆ ಹೇಳಿಕೊಳ್ಳುವ ಪ್ರಸಂಗವಿದೆ. ಆ ದುರ್ಬಲತೆಗೆ ಬಳಸಿದ ಪದದ ಮೂಲ ‘ವಹ್ನ್’. ಸೂರಃ ಲುಕ್ಮಾನ್‌ನಲ್ಲಿ ತಾಯಿಯು ದುರ್ಬಲತೆಯ ಮೇಲೆ ದುರ್ಬಲತೆಯನ್ನು ಸಹಿಸಿ ಮಗುವನ್ನು ಹೊತ್ತಳೆಂದು ಹೇಳಿ, ಹಾಲು ಬಿಡಿಸುವ ಎರಡು ವರ್ಷಗಳನ್ನೂ ಹೆಸರಿಸಿ, ಹೆತ್ತವರಿಗೆ ಕೃತಜ್ಞನಾಗಿರಲು ಆಜ್ಞಾಪಿಸಲಾಗಿದೆ. ಅಲ್ಲಿಯ ಪದವೂ ಇದೇ ‘ವಹ್ನ್’. ಎರಡೂ ಸೂರಃಗಳನ್ನು ನಾನು ಎಷ್ಟೋ ವರ್ಷಗಳಿಂದ ಓದುತ್ತಿದ್ದೇನೆ, ಕಲಿಸುತ್ತಿದ್ದೇನೆ. ಆಸ್ಪತ್ರೆಯ ವರಾಂಡದಲ್ಲಿ ಕುಳಿತಾಗ ಮಾತ್ರ ಎರಡೂ ಒಟ್ಟಿಗೆ ನೆನಪಾದವು. ಐದು ಮಕ್ಕಳನ್ನು ಹೊತ್ತು ಹಾಲೂಡಿಸಿದ ಉಮ್ಮನ ಎಲುಬಿನ ಖಜಾನೆಯಿಂದ ಒಂದು ಪಾಲು ನನ್ನ ಎಲುಬಿಗೂ ಬಂದಿದೆ. ನಾನು ನೆಟ್ಟಗೆ ನಿಂತಿರುವುದು ಅದರಿಂದ. ಮರಳಿ ತುಂಬುವ ಕಾಲದಲ್ಲಿ ಉಮ್ಮನ ತಟ್ಟೆಯಲ್ಲಿ ಏನಿತ್ತೆಂದು ಮನೆಯಲ್ಲಿ ಯಾರೂ ನೋಡಿರಲಿಲ್ಲ. ಎಲ್ಲರೂ ಉಂಡ ಮೇಲೆ ಉಳಿದ ಸಾರು, ತಳದ ಅನ್ನ. ನಮ್ಮ ಎಷ್ಟು ಮನೆಗಳಲ್ಲಿ ಇಂದೂ ಹಾಗೆಯೇ ಅಲ್ಲವೇ?

ನಮ್ಮ ಮನೆಯಲ್ಲಿ ಏನು ಮಾಡಬಹುದು?

ಮೊದಲನೆಯದು ಊಟ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ, ಮುಟ್ಟು ನಿಂತ ಮಹಿಳೆಯರಿಗೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ನಮ್ಮ ನಾಡಿನ ರಾಗಿಯಲ್ಲಿ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಇದೆ. ಅಕ್ಕಿಯಲ್ಲಿ ಅದು ಬಹಳ ಕಡಿಮೆ. ಹಾಲು, ಮೊಸರು, ಎಳ್ಳು, ನುಗ್ಗೆಸೊಪ್ಪು, ಮುಳ್ಳು ಸಮೇತ ಅಗಿದು ತಿನ್ನುವ ಸಣ್ಣ ಮೀನು ಇವೆಲ್ಲ ಬಡವರ ಕೈಗೂ ಎಟಕುವಂಥವು. ಕೊಲಾಜೆನ್ ನಾರು ಗಟ್ಟಿಯಾಗಲು ಸಿ ಜೀವಸತ್ವ ಬೇಕು. ಅದಕ್ಕೆ ನೆಲ್ಲಿಕಾಯಿ, ಪೇರಳೆ, ಲಿಂಬೆ ಇವೆ. ಮೊಟ್ಟೆ, ಬೇಳೆ, ಮೀನಿನ ಪ್ರೋಟೀನೂ ಬೇಕು.

ಎರಡನೆಯದು ಬಿಸಿಲು. ತಿಂದ ಕ್ಯಾಲ್ಸಿಯಂ ರಕ್ತಕ್ಕೆ ಸೇರಲು ಡಿ ಜೀವಸತ್ವ ಬೇಕು. ಅದನ್ನು ನಮ್ಮ ಚರ್ಮವೇ ಬಿಸಿಲಿನಲ್ಲಿ ತಯಾರಿಸುತ್ತದೆ. ಕಿಟಕಿಯ ಗಾಜಿನ ಮೂಲಕ ಬಂದ ಬಿಸಿಲಿನಿಂದ ಅದು ಆಗುವುದಿಲ್ಲ. ಸೂರ್ಯ ಮೇಲೇರಿದ ಹೊತ್ತಿನ ಬಿಸಿಲು ಎಳೆಬಿಸಿಲಿಗಿಂತ ಹೆಚ್ಚು ಉಪಯೋಗಕಾರಿ. ನಮ್ಮ ಹೆಣ್ಣುಮಕ್ಕಳು ಹೊರಗೆ ಪರ್ದಾದಲ್ಲಿರುತ್ತಾರೆ, ಒಳಗೆ ಫ್ಲ್ಯಾಟಿನಲ್ಲಿರುತ್ತಾರೆ. ಹಿಂದೆ ಹಿತ್ತಲಿತ್ತು, ಅಂಗಳವಿತ್ತು, ಭತ್ತ ಒಣಹಾಕುವ ಕೆಲಸವಿತ್ತು. ದೋಷ ಪರ್ದಾದಲ್ಲಿಲ್ಲ. ಮನೆ ಕಟ್ಟುವಾಗ ಹೆಂಗಸರಿಗೊಂದು ಮರೆಯುಳ್ಳ ತಾರಸಿಯನ್ನೋ ಹಿತ್ತಲನ್ನೋ ಉಳಿಸದ ನಮ್ಮ ಯೋಜನೆಯಲ್ಲಿದೆ. ವಾರದಲ್ಲಿ ಕೆಲವು ದಿನವಾದರೂ ಮುಖ, ಕೈಕಾಲುಗಳಿಗೆ ಸ್ವಲ್ಪ ಹೊತ್ತು ಬಿಸಿಲು ಬೀಳಲಿ. ಅಗತ್ಯವಿದ್ದರೆ ರಕ್ತ ಪರೀಕ್ಷೆ ಮಾಡಿಸಿ, ವೈದ್ಯರು ಹೇಳಿದಷ್ಟೇ ಮಾತ್ರೆ ಸೇವಿಸಿ.

ಮೂರನೆಯದು ನಡಿಗೆ. ಮಕ್ಕಳು ಓಡಲಿ, ಹಾರಲಿ, ಹೆಣ್ಣುಮಕ್ಕಳೂ ಆಡಲಿ. ದೊಡ್ಡವರು ದಿನಾ ನಡೆಯಲಿ. ಬೀಡಿ ಸಿಗರೇಟು ಎಲುಬನ್ನೂ ಸವೆಸುತ್ತದೆ. ಉಬ್ಬಸಕ್ಕೋ ಸಂಧಿವಾತಕ್ಕೋ ದೀರ್ಘಕಾಲ ಸ್ಟೀರಾಯ್ಡ್ ಮಾತ್ರೆ ತಿನ್ನುವವರು ಎಲುಬಿನ ಬಗ್ಗೆ ವೈದ್ಯರನ್ನು ಕೇಳಲೇಬೇಕು. ಆದರೆ ತಾವಾಗಿಯೇ ಮಾತ್ರೆ ನಿಲ್ಲಿಸಬಾರದು.

ನಾಲ್ಕನೆಯದು, ಐವತ್ತು ದಾಟಿದವರ ಮೊದಲ ಮುರಿತವನ್ನು ಬರೀ ಮುರಿತವೆಂದು ಬಿಡಬೇಡಿ. ಸಣ್ಣ ಬೀಳುವಿಕೆಗೆ ಮಣಿಕಟ್ಟು ಮುರಿದರೆ, ಎತ್ತರ ಕುಗ್ಗಿದರೆ, ಬೆನ್ನು ಬಾಗಿದರೆ ಎಲುಬಿನ ಸಾಂದ್ರತೆಯ ಪರೀಕ್ಷೆ ಮಾಡಿಸಿ. ಅದರಲ್ಲಿ ನೋವಿಲ್ಲ, ಚುಚ್ಚುವುದೂ ಇಲ್ಲ. ಟೊಳ್ಳಾಗುವುದನ್ನು ತಡೆಯುವ ಔಷಧಗಳು ಇಂದು ಇವೆ. ಯಾರದಾದರೂ ಎಲುಬು ಮುರಿದಿದೆ ಎಂಬ ಸಂಶಯ ಬಂದರೆ ಎಳೆಯಬೇಡಿ, ತಿಕ್ಕಬೇಡಿ. ಇದ್ದ ಸ್ಥಿತಿಯಲ್ಲೇ ಅಲುಗದಂತೆ ಆಧಾರ ಕೊಟ್ಟು ಆಸ್ಪತ್ರೆಗೆ ಸಾಗಿಸಿ.

ಐದನೆಯದು ಎಲ್ಲಕ್ಕಿಂತ ಸುಲಭ. ನಿಮ್ಮ ಮನೆಯಲ್ಲಿ ವುಝೂ ಮಾಡುವ ಜಾಗವನ್ನು ಇವತ್ತೇ ನೋಡಿ. ಪಾಚಿ ಇದೆಯೇ? ನುಣುಪು ಟೈಲ್ಸೇ? ನಸುಕಿನಲ್ಲಿ ಬೆಳಕು ಸಾಕೇ? ಒಂದು ರಬ್ಬರ್ ಚಾಪೆ, ಗೋಡೆಗೊಂದು ಕಬ್ಬಿಣದ ಹಿಡಿ, ಕುಳಿತು ವುಝೂ ಮಾಡಲು ಒಂದು ಸ್ಟೂಲ್, ಒಂದು ಬಲ್ಬ್. ಇಷ್ಟಕ್ಕೆ ಒಂದು ಬಿರಿಯಾನಿ ಔತಣದ ಖರ್ಚೂ ಬೀಳದು. ದಾರಿಯಿಂದ ಕಲ್ಲು ಮುಳ್ಳು ಸರಿಸುವುದು ಸದಖಾ ಎಂದಾದರೆ, ತಾಯಿಯ ಕಾಲಕೆಳಗಿನ ಪಾಚಿ ತೆಗೆಯುವುದು ಸದಖಾ ಅಲ್ಲವೇ? ಮಸೀದಿಯ ಹೌಝಿನ ಮೆಟ್ಟಿಲುಗಳ ಬಗ್ಗೆ ಜಮಾಅತಿನ ಹೊಣೆ ಹೊತ್ತವರೂ ಯೋಚಿಸಲಿ. ನಮ್ಮ ಮನೆಯಲ್ಲಿ ಈ ಹಿಡಿಯನ್ನು ಗೋಡೆಗೆ ಹಾಕಿಸಿದ್ದು ಉಮ್ಮ ಬಿದ್ದು ಹತ್ತು ದಿನಗಳಾದ ಮೇಲೆ.

ಜಬ್ರ್

ಮುರಿದ ಎಲುಬನ್ನು ಕೂಡಿಸುವುದಕ್ಕೆ ಅರಬಿಯಲ್ಲಿ ‘ಜಬ್ರ್’ ಎನ್ನುತ್ತಾರೆ. ಮುರಿತಕ್ಕೆ ಕಟ್ಟುವ ಪಟ್ಟಿ ‘ಜಬೀರಾ’. ವುಝೂ ಮಾಡುವಾಗ ಅದನ್ನು ಬಿಚ್ಚದೆ ಮೇಲೆ ಸವರುವ ಮಸ್‌ಅಲವನ್ನು ಮದ್ರಸದ ಮಕ್ಕಳೂ ಕಲಿಯುತ್ತಾರೆ. ಬೀಜಗಣಿತಕ್ಕೆ ಆಲ್ಜಿಬ್ರಾ ಎಂಬ ಹೆಸರು ಅಲ್ ಖ್ವಾರಿಝ್ಮಿಯವರ ಗ್ರಂಥದ ಹೆಸರಿನಲ್ಲಿದ್ದ ಇದೇ ಪದದಿಂದ ಬಂತು. ಅಲ್ಲಾಹನ ‘ಅಲ್ ಜಬ್ಬಾರ್’ ಎಂಬ ನಾಮಕ್ಕೆ ಮುರಿದುದನ್ನು ಕೂಡಿಸುವವನು ಎಂಬ ಅರ್ಥವನ್ನೂ ವಿದ್ವಾಂಸರು ಹೇಳಿದ್ದಾರೆ.

ಉಮ್ಮನಿಗೆ ಶಸ್ತ್ರಚಿಕಿತ್ಸೆಯಾಯಿತು. ಈಗ ಕೋಲು ಹಿಡಿದು ಮನೆಯೊಳಗೆ ನಡೆಯುತ್ತಾರೆ. ನೆಲದ ಮೇಲೆ ಸುಜೂದ್ ಮಾಡಲಾಗುವುದಿಲ್ಲ. ಆಸ್ಪತ್ರೆಯಿಂದ ಬಂದ ಮೊದಲ ದಿನ ಅವರು ನನ್ನನ್ನು ಹತ್ತಿರ ಕರೆದು, “ಮೋನೇ, ಕುರ್ಚಿಯಲ್ಲಿ ಕೂತರೆ ನನ್ನ ನಮಾಝ್ ಆಗುತ್ತದಾ?” ಎಂದು ಕೇಳಿದರು. ನಿಲ್ಲಲಾಗದವರು ಕುಳಿತು, ಕೂರಲೂ ಆಗದವರು ಮಲಗಿ ನಮಾಝ್ ಮಾಡಬಹುದೆಂಬ ಪಾಠವನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ಮಾಡುವವನು. ಆದರೂ ಅಂದು ಉತ್ತರ ಕೊಡಲು ಗಂಟಲು ಕಟ್ಟಿತು. “ಆಗುತ್ತದೆ ಉಮ್ಮ, ಇನ್‌ಶಾ ಅಲ್ಲಾಹ್ ಪ್ರತಿಫಲದಲ್ಲಿ ಏನೂ ಕಡಿಮೆಯಾಗುವುದಿಲ್ಲ” ಎಂದೆ.

ಎರಡು ಸುಜೂದ್‌ಗಳ ನಡುವೆ ಕುಳಿತಾಗ ನಾವು ಹೇಳುವ ಪ್ರಾರ್ಥನೆಯಲ್ಲಿ ‘ವಜ್‌ಬುರ್ನೀ’ ಎಂಬ ಒಂದು ಪದವಿದೆ. ಅದೂ ಜಬ್ರ್‌ನಿಂದಲೇ ಬಂದದ್ದು. ನನ್ನ ಮುರಿದುದನ್ನು ಕೂಡಿಸು ಎಂದು ಅರ್ಥ. ಪಕ್ಕದ ಕುರ್ಚಿಯಿಂದ ಉಮ್ಮನ ಸಣ್ಣ ದನಿಯಲ್ಲಿ ಆ ಪದ ಕೇಳಿದಾಗಲೆಲ್ಲ, ಮುರಿಯುವ ಮೊದಲೇ ಕಾಯುವ ಬುದ್ಧಿಯನ್ನೂ ನಮಗೆ ಕೊಡು ಎಂದು ನಾನು ಮನಸ್ಸಿನಲ್ಲೇ ಸೇರಿಸಿಕೊಳ್ಳುತ್ತೇನೆ. ನಿಮ್ಮ ಮನೆಯ ಉಮ್ಮಂದಿರ, ಅಜ್ಜಿಯರ, ನಾಳೆ ಉಮ್ಮಂದಿರಾಗಲಿರುವ ಹೆಣ್ಣುಮಕ್ಕಳ ಎಲುಬುಗಳು ನಿಮ್ಮ ಕೈಯಲ್ಲಿರುವ ಅಮಾನತ್. ಆ ಅಮಾನತನ್ನು ಕಾಪಾಡುವ ತೌಫೀಕನ್ನು ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ, ಆಮೀನ್.